ಹಾಗಲಕಾಯಿ ಬಿಟ್ಟವನ ಸಿಟ್ಟು

ಇವತ್ತು ಹಾಗಲಕಾಯಿಯ ಆಸೆಗೆ ಹೆಂಡತಿಯ ಮೇಲೆ ರೇಗಿದೆ, ಗೆಳೆಯರೇ. ಹುಟ್ಟಿದಾಗಿನಿಂದ ನಾನದನ್ನು ಬಾಯಿಗಿಟ್ಟವನಲ್ಲ. ಅದಕ್ಕೇ, ಚಾತುರ್ಮಾಸಕ್ಕೆಂದು ಇಚಲಕರಂಜಿಯ ನಮ್ಮ ಬಸದಿಯಲ್ಲಿ ಎಲ್ಲರೂ ತಮಗಿಷ್ಟದ ಒಂದು ತಿನಿಸು ಬಿಡುವ ನಿಯಮ ಹಿಡಿದಾಗ, ನಾನು ಜಾಣನಂತೆ ಹಾಗಲಕಾಯಿ ಬಿಟ್ಟೆ. ಅಂದಿನಿಂದ ಅದರದೇ ಧ್ಯಾನ. ಮಧ್ಯಾಹ್ನ ಅದನ್ನು ಹುರಿಯುವ ಘಮ ಬಂದದ್ದೇ ತಡ, ಅನ್ನ ಬೆಂದಿಲ್ಲ, ಫ್ಯಾನ್ ಜೋರಾಗಿ ತಿರುಗುತ್ತಿಲ್ಲ ಎಂದು ಕೂಗಾಡಿದೆ.

“ಮಂದಿ ಪೇಢೆ, ಬಾಸುಂದಿ ಬಿಟ್ಟು ಸುಮ್ಮನದಾರ. ನೀವು ಹಾಗಲಕಾಯಿ ಬಿಟ್ಟು ನಮ್ಮನ್ನ ಹುರದ ಮುಕ್ಕಾಕತ್ತೀರಿ. ಮುಂದಿನ ವರ್ಷ ಸಿಟ್ಟು ಬಿಡ್ರಿ, ಮನಿ ಮಂದಿಗೆ ಪುಣ್ಯ ಬರ್ತೈತಿ,” ಎಂದಳು ಹೆಂಡತಿ, ನನ್ನೆದುರೇ ಪಲ್ಯ ಬಡಿಸಿಕೊಳ್ಳುತ್ತಾ.

ಸಿಟ್ಟು ಬಿಡಬಹುದು. ಆದರೆ ಬಿಟ್ಟದ್ದರ ಮೇಲೆಯೇ ನನಗೆ ಆಸೆ ಹುಟ್ಟುತ್ತದಲ್ಲ, ಆಗ ಈ ಮನೆಯ ಗತಿಯೇನು?