ಬಸ್ಸಿನ ಮಂತ್ರದ ಸಣ್ಣಪ್ಪ

ಬಸ್ಸು ಹತ್ತಿದರೆ ಸಣ್ಣಪ್ಪನಿಗೆ ವಾಂತಿ ಬರುತ್ತಿತ್ತು. ಆದರೂ ೧೯೬೦ರ ಆಸುಪಾಸಿನಲ್ಲಿ ನಮ್ಮ ಬಸ್ತಿಹಳ್ಳಿಯಿಂದ ಹಾಸನಕ್ಕೆ ಅವನಷ್ಟು ಸಲ ಹೋದವರು ಇನ್ನೊಬ್ಬರಿಲ್ಲ. ಹಾವು ಕಚ್ಚಿದವರ ಪಕ್ಕ ಕೂತು, ಮೂಗಿಗೆ ನಿಂಬೆಹಣ್ಣು ಹಿಡಿದು, ದಾರಿಯುದ್ದಕ್ಕೂ ಮಂತ್ರ ಹೇಳುತ್ತಿದ್ದ. ಪಾಪ, ಜನ ಆ ನಿಂಬೆಹಣ್ಣಿಗೂ ಕೈಮುಗಿಯುತ್ತಿದ್ದರು.

ಅವನ ಅಪ್ಪ ಮನೆಯ ಜಗಲಿಯಲ್ಲೇ ಕೂತು ವಿಷ ಇಳಿಸುತ್ತಿದ್ದವರು. ಸಣ್ಣಪ್ಪ ಮಾತ್ರ ಹೊಸ ಶಾಸ್ತ್ರ ಹುಟ್ಟಿಸಿದ್ದ. "ನನ್ನ ಮಂತ್ರ ಚಕ್ರದ ಮ್ಯಾಲೇ ಹತ್ತೋದು. ಗಾಯ ಕುಯ್ಯಬ್ಯಾಡಿ, ನಡೆಸಬ್ಯಾಡಿ. ಎತ್ಕಂಡು ನಡೀರಿ ಬಸ್ಸಿಗೆ" ಎಂದು ಗದರುತ್ತಿದ್ದ. ಶಾಲೆಯ ಮೇಷ್ಟ್ರು ಎಂದು ನನ್ನೊಬ್ಬನ ಹತ್ತಿರ ಬಾಯಿಬಿಟ್ಟಿದ್ದ: "ಇಂಜೆಕ್ಷನ್ ಇರೋದು ಅಲ್ಲಿ. ಮಂತ್ರ ಇಲ್ದೆ ಇವ್ರು ಊರು ಬಿಡಕಿಲ್ಲ. ಅಪ್ಪನ ಮಂತ್ರಕ್ಕೆ ನಮ್ಮಣ್ಣನೇ ಉಳೀಲಿಲ್ಲ ಕಣ್ರೀ."

ಕೋಲಿನಿಂದ ಬಡಿಯದೆ ಬಣವೆಗೆ ಕೈಹಾಕಬೇಡಿ ಎಂದು ಊರಿಗೆಲ್ಲ ಹೇಳುತ್ತಿದ್ದವನು, ಒಂದು ಸಂಜೆ ತಾನೇ ಮರೆತ. ನಾಗರಹಾವು ಬೆರಳಿಗೆ ಕಚ್ಚಿತು.

ನಾನು ಹೋಗುವಷ್ಟರಲ್ಲಿ ಅವನ ರೆಪ್ಪೆ ಜೋತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. "ಜಾವಗಲ್ಲಿನ ಮಂತ್ರದೋರು ಬರೋಗಂಟ ಅಲ್ಲಾಡಿಸಬ್ಯಾಡಿ" ಎಂದು ಹೆಂಡತಿ ಅಡ್ಡ ನಿಂತಿದ್ದಳು. ಅವನು ನನ್ನನ್ನೇ ನೋಡುತ್ತಿದ್ದ. ನಿಜ ಹೇಳಿದರೆ ನಂಬುವವರು ಯಾರು? "ಅವನ ಮಂತ್ರ ನನಗೂ ಬರುತ್ತೆ ಕಣಮ್ಮ, ಬಸ್ಸಿಗೆ ಹತ್ತಿಸಿ" ಎಂದುಬಿಟ್ಟೆ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಸನದವರೆಗೂ ಹದಿಮೂರರ ಮಗ್ಗಿ ಗೊಣಗಿದೆ. ಭಯಕ್ಕೆ ಅದೂ ತಪ್ಪುತ್ತಿತ್ತು.

ಇಂಜೆಕ್ಷನ್ನಿನಿಂದ ಬದುಕಿದ. ಊರು ಹೊಗಳಿದ್ದು ಮಾತ್ರ ನನ್ನ ಮಂತ್ರವನ್ನು. ಇಲ್ಲಮ್ಮ, ಡಾಕ್ಟರು ಬದುಕಿಸಿದ್ದು ಎಂದರೆ, "ದೊಡ್ಡೋರು ಹಂಗೇ ಅನ್ನೋದು" ಎಂದು ಅವನ ಹೆಂಡತಿ ನನಗೇ ಅಡ್ಡಬಿದ್ದಳು.

ನಾಲ್ಕು ವರ್ಷದ ಮೇಲೆ ಜ್ವರದಲ್ಲಿ ಮಲಗಿದ್ದವನನ್ನು ಕೊನೆಯ ಸಲ ನೋಡಿದೆ. "ನಂಗೆ ಸಾಕಾಗೈತೆ ಮೇಷ್ಟ್ರೇ. ಇನ್ಮ್ಯಾಕೆ ಕಚ್ಚಿಸ್ಕಂಡೋರ ಜೊತೆ ಬಸ್ಸಲ್ಲಿ ನೀವು ಹೋಗಿ" ಎಂದ. ಪಾಠ ಹೇಳುವ ಬಾಯಲ್ಲಿ ಸುಳ್ಳು ಮಂತ್ರ ಹೇಳಲಾರೆ ಎಂದೆ. ಅವನು ಗೋಡೆ ಕಡೆ ತಿರುಗಿ ಮಲಗಿದ. ಆ ಮಾತು ಆಡಬಾರದಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಅವನ ತಿಥಿಯ ಊಟಕ್ಕೆ ಕೂತಿದ್ದೆ. ಎಲೆಗೆ ಅನ್ನ ಬಿದ್ದಿತ್ತು. ರಾಗಿ ಹೊಲದ ಕಡೆಯಿಂದ ಒಬ್ಬ ಹೆಂಗಸು, ಮಗಳನ್ನು ಹೆಗಲ ಮೇಲೆ ಹೊತ್ತು ಓಡಿ ಬಂದಳು. "ಮೇಷ್ಟ್ರೇ, ಕಾಲಿಗೆ ಕಡೀತು. ಮಂತ್ರ ಹೇಳಿ!"

ಪಂಕ್ತಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಎಲೆ ಮಡಿಸಿ ಎದ್ದೆ. ಹಾಸನದ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು.