ನನ್ನ ರಜೆ ಅರ್ಜಿಯನ್ನು ನಾನೇ ಓದಿದೆ

ಇದು ೧೯೬೩ನೇ ಇಸವಿಯ ಏಪ್ರಿಲ್ ತಿಂಗಳಿನ ಮಾತು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಹುಬ್ಬಳ್ಳಿಯ ಹತ್ತಿ ಮಾರುಕಟ್ಟೆಯಲ್ಲಿ ಶಿವಲಿಂಗಪ್ಪ ಸಾವಕಾರರ ಅಡತಿ ಅಂಗಡಿಯಲ್ಲಿ ಕಾಗದ ಬರೆಯುವ ಕೆಲಸಕ್ಕಿದ್ದೆ. ರೈತರು ಚಕ್ಕಡಿಯಲ್ಲಿ ತಂದ ಹತ್ತಿಯನ್ನು ಮುಂಬಯಿ ಗಿರಣಿಯವರಿಗೆ ಮಾರಿಸಿಕೊಡುವುದು ಅಂಗಡಿಯ ವ್ಯಾಪಾರ. ಸಾವಕಾರರು ಒಂದು ಎಳೆ ಹತ್ತಿ ಹಿಡಿದರೆ ಅದು ಯಾವ ಊರಿನ ಹೊಲದ್ದೆಂದು ಹೇಳಬಲ್ಲವರು. ಆದರೆ ಇಂಗ್ಲಿಷ್ ಕಾಗದ ಕೈಗೆ ಕೊಟ್ಟರೆ ತಲೆಕೆಳಗಾಗಿ ಹಿಡಿಯುತ್ತಿದ್ದರು. ಹೀಗಾಗಿ ದಿನಾ ಬೆಳಿಗ್ಗೆ ಟಪಾಲು ಬಂದ ಕೂಡಲೇ ಅದನ್ನು ಒಡೆದು, ಗಾದಿಯ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳುವುದು ನನ್ನ ಮೊದಲ ಕೆಲಸವಾಗಿತ್ತು. "ಗುಟ್ಟಿನ ವ್ಯಾಪಾರ ನಮ್ಮದಲ್ಲ" ಎಂಬುದು ಸಾವಕಾರರ ಹೆಮ್ಮೆಯ ಮಾತು.

ಹಾಗೆನ್ನುವ ಸಾವಕಾರರೇ ದರದ ವಿಷಯ ಬಂದಾಗ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿ, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ದರ ತಿಳಿಸುವುದು ಆಗಿನ ರೂಢಿ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು, ಬೆರಳನ್ನು ನಟ್ಟನಡುವೆ ಒತ್ತಿದರೆ ಅರ್ಧ. ಬಟ್ಟೆಯ ಕೆಳಗೆ ಒಪ್ಪಿದ್ದನ್ನು ಆಮೇಲೆ ಯಾರೂ ಮುರಿಯುವಂತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಆರು ವರ್ಷಗಳಲ್ಲಿ ನನ್ನ ಕಣ್ಣೆದುರಿಗೇ ಆ ವಲ್ಲಿಯ ಕೆಳಗೆ ಎಷ್ಟೋ ಕೈಗಳು ಹೋಗಿ ಬಂದವು. ನನ್ನ ಕೈ ಒಮ್ಮೆಯೂ ಹೋಗಿರಲಿಲ್ಲ.

ನನ್ನದು ಕಾಗದದ ಕೆಲಸ, ಅದಕ್ಕೇ ಎಂದು ಎಲ್ಲರೂ ಹೇಳುತ್ತಿದ್ದರು. ಕಾರಣ ಅದಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವು ಊರು ಮುಟ್ಟಿಸಿಕೊಳ್ಳದ ಕೇರಿಯವರು. ಅಪ್ಪ ರೈಲ್ವೆ ಕಾರ್ಖಾನೆಯಲ್ಲಿ ಕಬ್ಬಿಣ ಕಾಸುವ ಕೆಲಸದಲ್ಲಿದ್ದರು. ಕೆಲವು ವರ್ಷಗಳ ಹಿಂದೆ ಮನೆಮಂದಿಯೆಲ್ಲ ಬೌದ್ಧರಾಗಿದ್ದೆವು. ನಮ್ಮ ಧರ್ಮ ಬದಲಾದರೂ ಅಂಗಡಿಯಲ್ಲಿ ನನ್ನ ಚಹಾದ ಕಪ್ಪು ಬದಲಾಗಿರಲಿಲ್ಲ. ಅದು ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿಯೇ ಕೂತಿರುತ್ತಿತ್ತು.

ನನಗೆ ಮಾಸ್ತರನಾಗುವ ಹಟ. ಸಣ್ಣವನಿದ್ದಾಗ ಶಾಲೆಯಲ್ಲಿ ನನ್ನನ್ನು ಬಾಗಿಲ ಹೊರಗೆ ಪಡಸಾಲೆಯಲ್ಲಿ ಕೂಡಿಸುತ್ತಿದ್ದರು. ಅಲ್ಲಿಂದ ಕಪ್ಪು ಹಲಗೆಯ ಎಡಭಾಗವಷ್ಟೇ ಕಾಣುತ್ತಿತ್ತು. ಲೆಕ್ಕದ ಉತ್ತರ ಯಾವಾಗಲೂ ಬಲಕ್ಕೇ ಇರುತ್ತಿತ್ತು. ಒಂದಲ್ಲ ಒಂದು ದಿನ ಆ ಹಲಗೆಯ ಮುಂದೆ ನಾನೇ ನಿಲ್ಲಬೇಕೆಂದು ಆಗಲೇ ನಿಶ್ಚಯ ಮಾಡಿಕೊಂಡಿದ್ದೆ. ಅಂಗಡಿಯಲ್ಲಿ ದುಡಿಯುತ್ತಲೇ, ಅಂಗಡಿ ತೆರೆಯುವ ಮೊದಲು ಬೆಳಗಿನ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದೆ.

ಆಗ ಪ್ರತಿ ಬೇಸಗೆಯಲ್ಲಿ ಧಾರವಾಡದ ಒಂದು ಟ್ರೇನಿಂಗ್ ಕಾಲೇಜಿನ ಅಂಗಳದಲ್ಲಿ ಸುತ್ತಲಿನ ಹೈಸ್ಕೂಲುಗಳ ಮುಖ್ಯಾಧ್ಯಾಪಕರು ಒಂದೇ ದಿನ ಮೇಜು ಹಾಕಿಕೊಂಡು ಕೂತು ಹೊಸ ಶಿಕ್ಷಕರನ್ನು ಆರಿಸುತ್ತಿದ್ದರು. ಜನ ಅದಕ್ಕೆ 'ಮಾಸ್ತರ ಸಂತಿ' ಎಂದು ಚೇಷ್ಟೆಯ ಹೆಸರಿಟ್ಟಿದ್ದರು. ಹಿಂದಿನ ವರ್ಷ ರಜೆ ಕೇಳಲು ಬಾಯಿ ಬಾರದೆ ಆ ಸಂತೆಯನ್ನು ತಪ್ಪಿಸಿಕೊಂಡಿದ್ದೆ. ಹತ್ತಿಯ ಹಂಗಾಮಿನಲ್ಲಿ ರಜೆ ಕೇಳುವುದೆಂದರೆ ಆಡುವ ಮಾತಲ್ಲ. ಸಾವಕಾರರು ಸ್ವಂತ ಮಗಳ ಮದುವೆಯನ್ನೇ ಹಂಗಾಮು ಮುಗಿಯಲೆಂದು ಮುಂದೆ ಹಾಕಿದ ಪುಣ್ಯಾತ್ಮರು.

ಈ ಸಲವೂ ಎದುರಿಗೆ ನಿಂತು ಕೇಳುವ ಧೈರ್ಯ ಬರಲಿಲ್ಲ. ಕಾಲೇಜಿನಲ್ಲಿ ಕಲಿಸಿದ ಹಾಗೆ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಒಂದು ರಜೆ ಅರ್ಜಿ ಬರೆದು, ಲಕೋಟೆಯಲ್ಲಿ ಹಾಕಿ, ಬೆಳಗಿನ ಟಪಾಲಿನಲ್ಲಿ ಸೇರಿಸಿಬಿಟ್ಟೆ. ಸಾವಕಾರರ ಕಣ್ಣಿಗೆ ತಾನಾಗಿಯೇ ಬೀಳಲಿ ಎಂದು ನನ್ನ ಉಪಾಯ. ಆ ಅಂಗಡಿಯಲ್ಲಿ ಟಪಾಲು ಓದುವವನು ನಾನೇ ಎಂಬುದು ಆ ಹೊತ್ತಿಗೆ ತಲೆಗೆ ಹೊಳೆಯಲೇ ಇಲ್ಲ. ಬಿ.ಎ. ಮಾಡಿದವನ ಬುದ್ಧಿ ನೋಡಿ!

ಅವತ್ತು ಅಂಗಡಿ ತುಂಬಿತ್ತು. ಇಬ್ಬರು ದಲಾಲರು, ಶಿರಗುಪ್ಪಿಯಿಂದ ಬಂದ ಫಕೀರಗೌಡರೆಂಬ ದೊಡ್ಡ ರೈತರು, ಇನ್ನೂ ನಾಲ್ಕಾರು ಮಂದಿ. ಮೊದಲನೆಯ ಕಾಗದ ಮುಂಬಯಿಯದು. ಗಿರಣಿಯ ಮನುಷ್ಯ ಬೇಸ್ತವಾರ ಮಧ್ಯಾಹ್ನ ಎರಡು ಗಂಟೆಗೆ ಹತ್ತಿಯ ಸ್ಯಾಂಪಲ್ ನೋಡಲು ಬರುತ್ತಾನೆ ಎಂದಿತ್ತು. ಮಾಸ್ತರ ಸಂತೆಯೂ ಅದೇ ಬೇಸ್ತವಾರ. ಎರಡನೆಯ ಲಕೋಟೆ ಎತ್ತಿಕೊಂಡೆ. ನನ್ನದೇ ಅಕ್ಷರ.

"ಯಾವ ಗಿರಣೀದಪಾ?" ಎಂದರು ಸಾವಕಾರರು.

"ಗಿರಣೀದಲ್ರಿ."

"ಮತ್ತ ಯಾರದು?"

"ಒಬ್ಬಾಂವ ಬೇಸ್ತವಾರ ಒಂದ ದಿನ ರಜಾ ಬೇಕು ಅಂತ ಬರದಾನ್ರಿ."

"ನನ್ನ ಕಡೆ ರಜಾ ಕೇಳಾಂವ ಯಾವಪಾ ಅಂವ? ಹೆಸರ ಓದು."

"ವೈ. ಡಿ. ಹೊಸಮನಿ" ಎಂದು ಓದಿದೆ. ಅಂಗಡಿಯಲ್ಲಿ ನಾನು ಬರೀ ಯಮನಪ್ಪ. ಸಾವಕಾರರು ಹುಬ್ಬು ಗಂಟಿಕ್ಕಿ, "ಅಂವ ಯಾರು?" ಎಂದರು.

"ನಾನರಿ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಫಕೀರಗೌಡರು ನಗಲಾರಂಭಿಸಿದರು ನೋಡಿ, ತಲೆಗೆ ಸುತ್ತಿದ ಪಟಗ ಜಾರಿ ಕಿವಿಗೆ ಬಂತು. "ತನ್ನ ಅರ್ಜಿ ತಾನ ಓದಾಕತ್ತಾನಲ್ಲೋ ಮಾರಾಯ!" ಎಂದು ತೊಡೆ ಬಡಿದುಕೊಂಡರು. ದಲಾಲರೂ ನಕ್ಕರು. ನನಗೆ ನಿಂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಾವಕಾರರು ಮಾತ್ರ ನಗಲಿಲ್ಲ.

"ಯಾಕ ಬೇಕು ರಜಾ?"

"ಧಾರವಾಡಕ್ಕ, ಮಾಸ್ತರ ಸಂತಿಗೆ ಹೋಗಬೇಕರಿ."

"ಸೀಜನ್‌ದಾಗ? ಅದೂ ಮುಂಬೈದಾವ್ರು ಬರೂ ದಿನಾನ? ಆಗೂದಿಲ್ಲ. ಮುಂದಿನ ಕಾಗದ ಓದು."

ನಾನು ಓದಲಿಲ್ಲ. ಎಲ್ಲರೂ ನಕ್ಕಾಗಿತ್ತು, ಇನ್ನು ಹೋಗುವುದು ಏನಿದೆ ಎನ್ನುವ ಮೊಂಡುತನವೋ ಏನೋ, ಬಾಯಿ ತಾನಾಗಿ ತೆರೆಯಿತು. "ಹ್ವಾದ ವರ್ಷ ಅಂಜಿ ಕೇಳಲಿಲ್ರಿ. ಈ ವರ್ಷ ಕೇಳಾಕತ್ತೇನಿ. ನೀವು ರಜಾ ಕೊಡಲಿಲ್ಲಂದ್ರ ಕೆಲಸ ಬಿಟ್ಟರ ಹೋಗ್ತೇನಿ, ಆದ್ರ ಹೋಗೇ ಹೋಗ್ತೇನಿ."

ನಗು ನಿಂತಿತು. ಸಾವಕಾರರು ಹೆಗಲ ಮೇಲಿನ ವಲ್ಲಿಯನ್ನು ನಿಧಾನವಾಗಿ ತೆಗೆದು ಬಲಗೈ ಮೇಲೆ ಹಾಕಿಕೊಂಡರು. "ಬಾ ಇಲ್ಲೆ. ಕೈ ಕೊಡು" ಎಂದರು.

ಹೋಗಿ ವಲ್ಲಿಯ ಕೆಳಗೆ ಕೈ ಇಟ್ಟೆ. ಅವರ ಕೈ ಬೆವೆತಿತ್ತು. ನನ್ನದಂತೂ ನೀರೇ. ಸಾವಕಾರರು ನನ್ನ ತೋರುಬೆರಳನ್ನು ನಡುವೆ ಒತ್ತಿದರು. ಅರ್ಧ ದಿನ. ನಾನು ಅವರ ಬೆರಳನ್ನು ಪೂರ್ತಿ ಹಿಡಿದೆ. ಒಂದು ದಿನ. ಮತ್ತೆ ಅರ್ಧಕ್ಕೇ ಒತ್ತಿದರು. ನಾನು ಮತ್ತೆ ಪೂರ್ತಿ ಹಿಡಿದೆ. ಮೂರನೆಯ ಸಲ ಅವರು ಬೆರಳು ನೋಯುವಷ್ಟು ಬಿಗಿಯಾಗಿ ಒತ್ತಿದಾಗ ನಾನು ಒಪ್ಪಿ ಕೈ ಸಡಿಲಿಸಿದೆ. ಹತ್ತಿಯಲ್ಲಿ ಚೌಕಾಸಿ ಮಾಡಿ ತಲೆ ನರೆತವರ ಮುಂದೆ ನನ್ನ ಆಟ ಎಷ್ಟು ಹೊತ್ತು ನಡೆದೀತು?

"ಎರಡಕ್ಕ ಇಲ್ಲಿರಬೇಕು" ಎಂದರು ವಲ್ಲಿಯನ್ನು ಹೆಗಲಿಗೇರಿಸುತ್ತ. ಬಟ್ಟೆ ಮುಚ್ಚಿದ್ದರಿಂದ ಯಾರಿಗೂ ಕಾಣುವುದಿಲ್ಲವೆಂದು ನನ್ನನ್ನು ಮುಟ್ಟುವ ಧೈರ್ಯ ಮಾಡಿದರೋ ಏನೋ ಎಂದು ನನ್ನ ಕುಹಕ ಬುದ್ಧಿಗೆ ಆಗಲೇ ಅನ್ನಿಸಿತ್ತು. ಆದರೂ ಅವತ್ತು ಮನೆಗೆ ನಡೆದು ಹೋದೆನೋ ಹಾರಿ ಹೋದೆನೋ ನೆನಪಿಲ್ಲ.

ಬೇಸ್ತವಾರ ಬೆಳಿಗ್ಗೆ ಅಪ್ಪ ಹಿತ್ತಾಳೆ ಚರಿಗೆಯಲ್ಲಿ ಕೆಂಡ ತುಂಬಿ ನನ್ನ ಅಂಗಿಯನ್ನು ತಾವೇ ಇಸ್ತ್ರಿ ಮಾಡಿಕೊಟ್ಟರು. ಧಾರವಾಡದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಅಂಗಿ ಮುದುಡೀತೆಂದು ಕೈ ಎತ್ತಿಕೊಂಡೇ ನಿಂತೆ.

ಕಾಲೇಜಿನ ಅಂಗಳ ನಿಜಕ್ಕೂ ಸಂತೆಯೇ. ಬೇವಿನ ಮರಗಳ ಕೆಳಗೆ ಸಾಲು ಮೇಜುಗಳು, ಮೇಜಿಗೊಂದು ಶಾಲೆಯ ಹೆಸರು ಬರೆದ ಪಾಟಿ. ಕರಿ ಕೋಟು ತೊಟ್ಟವರು, ಸರ್ಟಿಫಿಕೇಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡವರು, ಬಾಯಲ್ಲೇ ಪಾಠ ಉರು ಹೊಡೆಯುತ್ತ ಸುತ್ತುವವರು. ನಾನು ಹಳ್ಳಿಯ ಹೈಸ್ಕೂಲೊಂದರ ಮೇಜಿಗೆ ಹೋಗಿ ಹೆಸರು ಬರೆಸಿದೆ. ಅಲ್ಲಿ ಕೂತಿದ್ದವರು ಬಿಳಿ ಸೀರೆಯ, ದಪ್ಪ ಕನ್ನಡಕದ ಮುಖ್ಯಾಧ್ಯಾಪಕಿ; ಶಿಕ್ಷಕಿಯರನ್ನು ನಮ್ಮ ಕಡೆ 'ಅಕ್ಕಾರು' ಎನ್ನುತ್ತಾರೆ. ಪಕ್ಕದ ಗುಮಾಸ್ತ ಪಟ್ಟಿ ನೋಡಿ, "ನಿಮ್ಮ ಪಾಳಿ ನಾಕು ಗಂಟೇಕ್ಕ ಬರ್ತದ" ಎಂದ.

ಆಗ ಹನ್ನೊಂದೂವರೆ. ಎರಡಕ್ಕೆ ನಾನು ಹುಬ್ಬಳ್ಳಿಯಲ್ಲಿರಬೇಕು. ಬೇವಿನ ಮರಕ್ಕೆ ಒರಗಿ ನಿಂತು ಯೋಚಿಸಿದೆ. ಇಲ್ಲೇ ಉಳಿದುಬಿಟ್ಟರೆ ಏನಾಗುತ್ತದೆ? ಹೆಚ್ಚೆಂದರೆ ಕೆಲಸ ಹೋದೀತು. ಆದರೆ ಆರು ವರ್ಷಕ್ಕೆ ಮೊದಲ ಸಲ ವಲ್ಲಿಯ ಕೆಳಗೆ ಹೋದ ಕೈ ಅದು. ನಾನು ಮಾತು ಮುರಿದರೆ ನನ್ನೊಬ್ಬನನ್ನು ಬೈದು ಬಿಡುವುದಿಲ್ಲ, "ಇವರ ಮಾತು ಇಷ್ಟ ನೋಡ್ರಿ" ಎನ್ನಲು ಕಾದು ಕೂತ ಬಾಯಿಗಳು ಎಷ್ಟಿವೆಯೆಂದು ನನಗೆ ಗೊತ್ತಿತ್ತು. ಹಾಗಂತ ಸಂತೆಯನ್ನು ಬಿಟ್ಟು ಹೋಗಲೂ ಕಾಲು ಬರಲಿಲ್ಲ. ಹನ್ನೆರಡರ ತನಕ ಒದ್ದಾಡಿ, ಕೊನೆಗೆ ಸರದಿ ಬಿಟ್ಟು ನೇರವಾಗಿ ಮೇಜಿನ ಮುಂದೆ ಹೋಗಿ ನಿಂತೆ.

"ಅಕ್ಕಾರ, ನನಗ ನಾಕರ ತನಕ ನಿಲ್ಲಾಕ ಆಗೂದಿಲ್ರಿ. ಎರಡಕ್ಕ ಹುಬ್ಬಳ್ಳ್ಯಾಗ ಇರತೇನಿ ಅಂತ ಕೈ ಕೊಟ್ಟು ಬಂದೇನಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ನೌಕರಿ ಕೇಳಾಕ ಬಂದು ನಮ್ಮ ಕಡೇನ ರಜಾ ಕೇಳ್ತೀರಲ್ರೀ! ಯಾರಿಗೆ ಕೈ ಕೊಟ್ಟೀರಿ?"

ಅರ್ಜಿ, ಟಪಾಲು, ವಲ್ಲಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ತುಟಿ ಬಿಗಿಹಿಡಿದು ಕೇಳಿದರು, ನನ್ನ ಅರ್ಜಿ ನಾನೇ ಓದಿದ ಜಾಗಕ್ಕೆ ಬಂದಾಗ ತಡೆಯಲಾರದೆ ಸೀರೆಯ ಸೆರಗು ಬಾಯಿಗೆ ಹಿಡಿದರು. ಸರದಿಯಲ್ಲಿ ನಿಂತವರು ಗೊಣಗಿದರು. ಒಬ್ಬರು ಮಾತ್ರ, "ಇರಲಿ ಬಿಡ್ರಿ, ಪಾಪ, ಕೈ ಕೊಟ್ಟು ಬಂದಾನ" ಎಂದರು. ಆ ಪುಣ್ಯಾತ್ಮನ ಹೆಸರು ಇವತ್ತಿಗೂ ಗೊತ್ತಿಲ್ಲ.

"ಹಂಗಾರ ನಿಂತಲ್ಲೇ ಒಂದ ಪಾಠ ಮಾಡ್ರಿ. ಏನರ ಮಾಡ್ರಿ. ಐದ ಮಿನಿಟ್" ಎಂದರು ಅಕ್ಕಾರು.

ತಯಾರಿ ಮಾಡಿಕೊಂಡಿದ್ದ ಇತಿಹಾಸದ ಪಾಠ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಬೆವರೊರೆಸಲು ಜೇಬಿಗೆ ಕೈ ಹಾಕಿದೆ. ಕರವಸ್ತ್ರದ ಜೊತೆ ಹಿಂದಿನ ದಿನದ ಸ್ಯಾಂಪಲ್ಲಿನ ಹಿಡಿ ಹತ್ತಿ ಬಂತು. ಅದನ್ನೇ ಎತ್ತಿ ಹಿಡಿದು, "ಇದು ಯಾವ ಊರಿನ ಮಣ್ಣಾಗ ಬೆಳದದ್ದು ಅಂತ ಹೆಂಗ ಗುರುತ ಹಿಡೀತೀರಿ?" ಎಂದು ಸರದಿಯವರನ್ನೇ ಕೇಳಿದೆ. ಎಲ್ಲರಿಗೂ ಚೂರು ಚೂರು ಹಂಚಿದೆ. ಎರಡು ಹೆಬ್ಬೆರಳ ನಡುವೆ ಎಳೆದು, ಎಳೆಗಳನ್ನು ಜೋಡಿಸಿ, ಉದ್ದ ನೋಡುವುದನ್ನು ಸಾವಕಾರರು ಮಾಡುವ ಹಾಗೆಯೇ ಮಾಡಿ ತೋರಿಸಿದೆ. ಕರಿ ಮಣ್ಣು, ಮಳೆ, ಗಿರಣಿಯ ನೂಲು ಎಲ್ಲವೂ ಒಂದರ ಹಿಂದೊಂದು ತಾವಾಗಿ ಬಂದವು. ಕೋಟಿನವರು ಕೋಟು ಮರೆತು ಹತ್ತಿ ಎಳೆಯತೊಡಗಿದರು. ನನಗಂತೂ ಮೈಯೆಲ್ಲ ಹಬ್ಬ. ನಡುವೆ ಹಿಂದೆ ನಿಂತವರು ಕತ್ತು ಚಾಚುವುದು ಕಂಡು, "ಹೊರಗ ನಿಂತವರಿಗೆ ಕಾಣಾಕತ್ತೈತೇನ್ರಿ?" ಎಂದು ಕೇಳಿ ಅವರತ್ತ ತಿರುಗಿ ಮತ್ತೊಮ್ಮೆ ತೋರಿಸಿದೆ.

ಮುಗಿದ ಮೇಲೆ ಅಕ್ಕಾರು ಒಂದೇ ಪ್ರಶ್ನೆ ಕೇಳಿದರು. "ಹೊರಗ ನಿಂತವರನ್ನ ಯಾಕ ಕೇಳಿದ್ರಿ?"

"ಅಲ್ಲೇ ಕುಂತು ಕಲತೇನ್ರಿ" ಎಂದೆ.

ಅವರು ಬರೆದುಕೊಂಡರು. ವಿಳಾಸ ಕೇಳಿದಾಗ ಅಂಗಡಿಯದೇ ಕೊಟ್ಟೆ. ನಮ್ಮ ಕೇರಿಯೊಳಗೆ ಟಪಾಲಿನವನು ಬರುತ್ತಿರಲಿಲ್ಲ. ಆಮೇಲೆ ಓಡಿದೆ. ಹೊರಟ ಬಸ್ಸಿನ ಹಿಂದೆ ಓಡಿ, ಬಾಗಿಲ ಸರಳು ಹಿಡಿದು ಹತ್ತಿದೆ. ಎರಡಕ್ಕೆ ಹತ್ತು ನಿಮಿಷವಿರುವಾಗ ಏದುಸಿರು ಬಿಡುತ್ತ ಅಂಗಡಿಯ ಮೆಟ್ಟಿಲೇರಿದೆ. ಸಾವಕಾರರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಮುಂಬಯಿಯ ಮನುಷ್ಯ ಬಂದದ್ದು ನಾಲ್ಕು ಗಂಟೆಗೆ!

ಮೇ ತಿಂಗಳ ಒಂದು ಬೆಳಿಗ್ಗೆ ಎಂದಿನಂತೆ ಟಪಾಲು ಒಡೆದು ನಿಂತಿದ್ದೆ. ಮೂರನೆಯ ಲಕೋಟೆ ತೆರೆದವನಿಗೆ ಅಕ್ಷರಗಳು ಕಲಸಿಹೋದವು.

"ಯಾವ ಗಿರಣೀದು?" ಎಂದರು ಸಾವಕಾರರು.

"ಗಿರಣೀದಲ್ರಿ. ಸಾಲೀದು. ಜೂನಿನಿಂದ ಮಾಸ್ತರಕಿಗೆ ಬರ್ರಿ ಅಂತ ಬರದಾರ್ರಿ."

"ಹೆಸರ ಓದು."

"ವೈ. ಡಿ. ಹೊಸಮನಿ."

ಈ ಸಲ ಅವನು ಯಾರೆಂದು ಯಾರೂ ಕೇಳಲಿಲ್ಲ. ಸಾವಕಾರರು ಗಾದಿಯಿಂದ ಎದ್ದರು. ಮೊಣಕಾಲು ನೋವಿನವರು, ಯಾರಿಗೂ ಏಳುತ್ತಿರಲಿಲ್ಲ. ವಲ್ಲಿ ಹೆಗಲ ಮೇಲೆಯೇ ಇತ್ತು, ಅದನ್ನು ತೆಗೆಯಲಿಲ್ಲ. ಅಷ್ಟು ಜನರ ಮುಂದೆ ಬರಿಗೈಯನ್ನು ನನ್ನತ್ತ ಚಾಚಿದರು. ಸುಳ್ಳೇಕೆ ಹೇಳಲಿ, ಆ ಕೈಯನ್ನು ಒಂದು ಕ್ಷಣ ಕಾಯಿಸಿದೆ. ಆರು ವರ್ಷ ಕಾದವನಿಗೆ ಅಷ್ಟಾದರೂ ಹಕ್ಕಿಲ್ಲವೇ? ಆಮೇಲೆ ಎರಡೂ ಕೈಯಿಂದ ಹಿಡಿದೆ.

"ಹೋಗಿ ಬರ್ರಿ, ಮಾಸ್ತರ" ಎಂದರು.

ಅವತ್ತೂ ನನ್ನ ಚಹಾ ಕಿಟಕಿಯ ಕಟ್ಟೆಯ ಮೇಲಿನ ಕಪ್ಪಿನಲ್ಲೇ ಬಂತು. ನಾನು ಕುಡಿಯದೆ ಬಿಟ್ಟೆ. ಆ ಕಪ್ಪಿನ ಮೇಲಿನ ಸಿಟ್ಟು, ಆ ಕೈಯ ಮೇಲಿನ ಪ್ರೀತಿ, ಎರಡೂ ಇಷ್ಟು ವರ್ಷ ನನ್ನಲ್ಲಿ ಹಾಗೆಯೇ ಇವೆ. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಜೂನಿನಲ್ಲಿ ಮೊದಲ ದಿನ ತರಗತಿಗೆ ಹೋದೆ. ಮಕ್ಕಳು ಎದ್ದು ನಿಂತರು. ಹಲಗೆ ಎದುರಿಗಿತ್ತು, ಎಡವೂ ಬಲವೂ ಪೂರ್ತಿ ಕಾಣುತ್ತಿತ್ತು. ಹಲಗೆಯ ಮೇಲೆ ಬರೆಯುವ ಖಡು ಕೈಗೆ ತೆಗೆದುಕೊಂಡವನು ಮತ್ತೆ ಕೆಳಗಿಟ್ಟು, ಬಾಗಿಲ ಹೊರಗೆ ಹೋಗಿ ಪಡಸಾಲೆಯನ್ನು ನೋಡಿದೆ. ಅಲ್ಲಿ ಯಾರೂ ಕೂತಿರಲಿಲ್ಲ. ಒಳಗೆ ಬಂದು ಪಾಠ ಶುರು ಮಾಡಿದೆ. ನಿವೃತ್ತನಾಗುವ ತನಕ ಒಂದು ದಿನವೂ ಹೊರಗೆ ನೋಡದೆ ಪಾಠ ಶುರು ಮಾಡಲಿಲ್ಲ.