ಮೂರ್ಮನೆಯ ಹೊಗೆ

ಬೆಳಿಗ್ಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ನಾನು ಕಾಡಿಗೆ ಹೋಗಿ ಒಂದು ಹೊರೆ ಸೌದೆ ತಂದಿರುತ್ತೇನೆ. ನಗಬೇಡಿ, ಸುಳ್ಳು ಹೇಳುತ್ತಿಲ್ಲ. ಆಸ್ಟಿನ್ನಿನ ಅಪಾರ್ಟ್‌ಮೆಂಟೊಂದರ ಅಡುಗೆಕಟ್ಟೆಯ ಮೇಲೆ ಒಂದು ಕಡೆ ಹಾಲಿನ ಪಾತ್ರೆ, ಇನ್ನೊಂದು ಕಡೆ ಲ್ಯಾಪ್‌ಟಾಪು ಇಟ್ಟುಕೊಂಡು, ಎಸಿಯ ಚಳಿಗೆ ನೈಟಿಯ ಮೇಲೊಂದು ಸ್ವೆಟರ್ ಸಿಕ್ಕಿಸಿಕೊಂಡು, ನಿಂತಲ್ಲೇ ನನ್ನ ವನವಾಸ ನಡೆಯುತ್ತದೆ. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂದು ಹಳಬರು ಹೇಳುವ ವಯಸ್ಸಿಗೆ ನಾನಿನ್ನೂ ಸಾಕಷ್ಟು ದೂರವಿದ್ದೇನೆ ಎಂಬುದು ನನ್ನ ನಂಬಿಕೆ. ಆದರೂ ಕಾಡು ಕರೆಯಿತು, ಹೋದೆ.

ಇದು ಕಂಪ್ಯೂಟರಿನೊಳಗಿನ ಕಾಡು, ಆನ್‌ಲೈನ್ ಆಟ. ಎಲ್ಲೆಲ್ಲಿಯದೋ ಜನ ಒಂದೇ ಹೊತ್ತಿಗೆ ಅದರೊಳಗೆ ಓಡಾಡುತ್ತಿರುತ್ತಾರೆ. ಬರಿಗೈಯಲ್ಲಿ ನಿಮ್ಮನ್ನೊಂದು ಸರೋವರದ ದಂಡೆಯ ಮೇಲೆ ಇಳಿಸಿ, ಇನ್ನು ನಿಮ್ಮ ಹಣೆಬರಹ ಎಂದು ಆಟ ಕೈತೊಳೆದುಕೊಳ್ಳುತ್ತದೆ. ಕಡ್ಡಿ ಆಯ್ದು, ಕಲ್ಲು ಕುಟ್ಟಿ, ಕೊಡಲಿ ಮಾಡಿ, ಮರ ಕಡಿದು, ಮನೆ ಕಟ್ಟಿ, ಒಲೆ ಹೂಡಿ ನೀವೇ ನೆಲೆ ನಿಲ್ಲಬೇಕು. ನನ್ನನ್ನೂ ಗಿರಿಜೆಯನ್ನೂ ಅಲ್ಲಿಗೆ ಎಳೆದೊಯ್ದವಳು ಶಶಿ. ಈ ಶಶಿ ಮೈಸೂರಿನ ಹಾಸ್ಟೆಲಿನ ದಿನಗಳಿಂದ ನನ್ನ ಜೊತೆಗಾತಿ. ಗಂಡನಿಂದ ಬೇರೆಯಾಗಿ ಬಹಳ ವರ್ಷಗಳಾದವು, ಹ್ಯೂಸ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಪಕ್ಕದ ಪೇರ್ಲ್ಯಾಂಡಿನಲ್ಲಿ ಒಬ್ಬಳೇ ವಾಸ. ಗಿರಿಜಾ ಧಾರವಾಡದವಳು, ನಮಗಿಂತ ಚಿಕ್ಕವಳು, ಗಂಡ ಮಕ್ಕಳೊಡನೆ ಡಲ್ಲಾಸ್ ಮಗ್ಗುಲಿನ ಸೌತ್‌ಲೇಕಿನಲ್ಲಿದ್ದಾಳೆ. ಒಂದು ಕಾಲಕ್ಕೆ ಮೂವರೂ ಹ್ಯೂಸ್ಟನ್ನಿನ ಒಂದೇ ಕಟ್ಟಡದಲ್ಲಿದ್ದು, ಹೆಪ್ಪಿಗೆ ಮೊಸರು, ಒಗ್ಗರಣೆಗೆ ಕರಿಬೇವು ಎಂದು ದಿನಕ್ಕೆ ಹತ್ತು ಸಲ ಒಬ್ಬರ ಬಾಗಿಲನ್ನೊಬ್ಬರು ತಟ್ಟಿದವರು. ಆಮೇಲೆ ಕೆಲಸಗಳು ನಮ್ಮನ್ನು ಮೂರು ಊರಿಗೆ ಚೆಲ್ಲಿದವು. ಟೆಕ್ಸಾಸ್ ಎಂಬುದು ರಾಜ್ಯವಲ್ಲ, ಒಂದು ಖಂಡ. ಗೆಳತಿಯ ಮುಖ ನೋಡಬೇಕೆಂದರೆ ಅರ್ಧ ದಿನವನ್ನು ಹೆದ್ದಾರಿಗೆ ಧಾರೆಯೆರೆಯಬೇಕು. ಹಾಗಾಗಿ ಇಲ್ಲದ ಸರೋವರದ ದಂಡೆಯಲ್ಲಿ ಇಲ್ಲದ ಮರ ಕಡಿದು ಮೂರು ಮನೆ ಕಟ್ಟಿ, ಆ ಊರಿಗೆ ಮೂರ್ಮನೆ ಎಂದು ಹೆಸರಿಟ್ಟೆವು.

ನೀವೇನಾದರೂ ಹೊಸದಾಗಿ ಆ ಲೋಕಕ್ಕೆ ಕಾಲಿಡುವವರಿದ್ದರೆ ಶಶಿ ನಮಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಇಳಿದ ತಕ್ಷಣ ಕೊಡಲಿ, ಕತ್ತಿ ಎಂದು ಹಾರಾಡಬೇಡಿ. "ಮೊದ್ಲು ಪುಳ್ಳೆ ಆಯ್ಕೊಳ್ರೇ, ಮಹಾರಾಣಿಯರಾ! ಅರಮನೆ ಆಮೇಲೆ ಕಟ್ಟೀರಂತೆ," ಎಂದು ಅವಳು ನಮ್ಮಿಬ್ಬರನ್ನೂ ಗದರುತ್ತಿದ್ದಳು. ನೋಟ ಚೆನ್ನಾಗಿದೆಯೆಂದು ಗುಡ್ಡದ ತುದಿಯಲ್ಲಿ ಮನೆ ಕಟ್ಟಿದರೆ ನೀರು ಹೊರುವುದರಲ್ಲೇ ಆಯುಸ್ಸು ಕಳೆಯುತ್ತದೆ. ಗೊತ್ತಿಲ್ಲದ ಅಣಬೆ ತಿನ್ನಬೇಡಿ. ನಾನು ತಿಂದೆ, ಸತ್ತೆ, ಮತ್ತೆ ದಂಡೆಯ ಮೇಲೆ ಬರಿಗೈಯಲ್ಲಿ ಎದ್ದೆ. ಮೊದಲ ದಿನವೇ ಹಾಸಿಗೆ ಹಾಸಿಕೊಳ್ಳಿ, ಯಾಕೆಂದರೆ ಅಲ್ಲಿ ಎಷ್ಟು ಸಲ ಸತ್ತರೂ ಕಣ್ಣು ಬಿಡುವುದು ಹಾಸಿಗೆ ಹಾಸಿದ ಕಡೆಯಲ್ಲೇ. ಇಪ್ಪತ್ತು ವರ್ಷಗಳಿಂದ ಬಾಡಿಗೆಯ ಗೋಡೆಗಳ ನಡುವೆ ಮಲಗೆದ್ದಿರುವ ನನಗೆ ಈ ನಿಯಮ ಕೇಳಿ ಸಣ್ಣಗೆ ದಿಗಿಲಾಗಿತ್ತು: ಸತ್ತು ಎದ್ದರೆ ನಾನು ಯಾವ ಊರಿನಲ್ಲಿ ಏಳುತ್ತೇನೋ!

ಇನ್ನು ಮುಸ್ಸಂಜೆಯ ವಿಚಾರ. ಹೊರಗೆ ಟೆಕ್ಸಾಸಿನ ಬಿಸಿಲು ರಾಚುತ್ತಿದ್ದರೂ ಆಟದೊಳಗೆ ಅದರದೇ ಸಂಜೆಗಳಾಗುತ್ತವೆ. ಬೆಳಕು ಹಳದಿಯಿಂದ ಬೂದಿಗೆ ತಿರುಗಿದಾಗ ಕಾಡಿನ ಅಂಚಿನಲ್ಲಿ ಒಂದು ಆಕೃತಿ ಬಂದು ನಿಲ್ಲುತ್ತದೆ. ನೀವು ಅಂದು ತೊಟ್ಟ ಬಟ್ಟೆಯನ್ನೇ ಅದೂ ತೊಟ್ಟಿರುತ್ತದೆ. ನೀವು ಕೈ ಬೀಸಿದರೆ ಅದೂ ಬೀಸುತ್ತದೆ. ಬೀಸಬೇಡಿ. ಸುಮ್ಮನೆ ಒಳಗೆ ಬಂದು ಬಾಗಿಲು ಹಾಕಿಕೊಂಡು ಒಲೆಯ ಮುಂದೆ ಕುಳಿತರೆ, ಬೆಂಕಿಯಿರುವ ಮನೆಯ ಹತ್ತಿರಕ್ಕೆ ಅದು ಸುಳಿಯುವುದಿಲ್ಲ.

ಆ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡದು ಒಲೆ. ಅದಕ್ಕೆ ಮಾತ್ರ ಹೊರಗಿನ ನಮ್ಮ ಗಡಿಯಾರದ್ದೇ ಲೆಕ್ಕ: ಬೆಳಿಗ್ಗೆ ಇಟ್ಟ ಸೌದೆ ಸಂಜೆಯವರೆಗೆ, ಸಂಜೆ ಇಟ್ಟದ್ದು ಬೆಳಗಿನವರೆಗೆ ಉರಿಯುತ್ತದೆ; ನೀವು ಹಾಕದಿದ್ದರೆ ನೆರೆಯವರೂ ಬಂದು ಹಾಕಬಹುದು. ಯಾರೂ ಹಾಕದೆ ಆರಿತೋ, ಕಾಡು ಒಳಗೆ ಬರುತ್ತದೆ. ಮೊದಲು ಕಿಟಕಿಯಲ್ಲೊಂದು ಬಳ್ಳಿ, ಆಮೇಲೆ ಬಾಗಿಲ ಹಲಗೆ ಕಳಚುತ್ತದೆ, ಆಮೇಲೆ ಅಡುಗೆಮನೆಯ ನಟ್ಟನಡುವೆ ಒಂದು ಮರ. ಅಂಥದೊಂದು ಹಾಳು ಮನೆಯನ್ನು ನಾವು ಮೂವರೂ ಒಮ್ಮೆ ನೋಡಿದ್ದೆವು. ಒಲೆಯ ಕಲ್ಲು, ಬೇರಿಗೆ ಸಿಕ್ಕಿಕೊಂಡ ಕುರ್ಚಿಯ ಕಾಲು, ಅಷ್ಟೇ ಉಳಿದಿತ್ತು. ಗಿರಿಜೆಯೂ ನಾನೂ ಮುಂದೆ ಹೋದರೂ ಶಶಿ ಅಲ್ಲೇ ನಿಂತಿದ್ದಳು. "ಎಷ್ಟು ಸದ್ದಿಲ್ದೆ ಹೋಗ್ಬಿಟ್ಟಿದಾರೆ ನೋಡ್ರೇ," ಎಂದಳು. ಹೆಡ್‌ಫೋನಿನಲ್ಲಿ ಕೇಳಿದ ಅವಳ ದನಿಯಲ್ಲಿ ಮೆಚ್ಚುಗೆಯಿತ್ತು. ನನಗದು ಆಗ ಹೊಳೆಯಲಿಲ್ಲ, ಏನೋ ತಮಾಷೆ ಮಾಡಿ ಮುಂದೆ ನಡೆದೆ.

ಅದಾದ ಸ್ವಲ್ಪ ಕಾಲಕ್ಕೆ ನಮ್ಮಿಬ್ಬರಿಗೂ ಅವಳಿಂದ ಒಂದು ಮೆಸೇಜು ಬಂತು: ಸ್ವಲ್ಪ ದಿನ ನನ್ನ ಪಾಡಿಗೆ ನನ್ನ ಬಿಟ್ಬಿಡ್ರೇ, ಫೋನ್ ಮಾಡ್ಬೇಡಿ.

ನಾವು ಬಿಟ್ಟೆವು. ಚಿಕ್ಕಂದಿನಲ್ಲಿ ನಮ್ಮ ವಠಾರದಲ್ಲಿ ಒಂದು ಬಾಗಿಲು ಹೊತ್ತೇರಿದರೂ ತೆರೆಯದಿದ್ದರೆ, ಪಕ್ಕದ ಮನೆಯಾಕೆ ಬಟ್ಟಲಲ್ಲಿ ಸಾರು ಹಿಡಿದು, ಕೇಳದೆ ಹೇಳದೆ ಒಳಗೇ ನುಗ್ಗಿ, "ಏನ್ರೀ ಇದು, ಮೈಗೆ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡುತ್ತಿದ್ದಳು. ಆ ಕಾಟ ತಾಳಲಾರದೆ ಓಡಿಬಂದವರು ನಾವು. ಇಲ್ಲಿ ಬಂದು ಸ್ಪೇಸ್ ಕೊಡುವುದನ್ನು ಕಲಿತೆವು. ಜಾಗಕ್ಕೆ ಬರವಿಲ್ಲದ ಈ ಟೆಕ್ಸಾಸಿನಲ್ಲಿ ಒಬ್ಬರಿಗೊಬ್ಬರು ಕೊಟ್ಟುಕೊಂಡದ್ದು ಜಾಗವನ್ನೇ. ಫೋನು ಮಾಡಿದರೆ ಬೇಜಾರು ಮಾಡಿಕೊಂಡಾಳು, ಹೋದರೆ ಮುಖ ಸಣ್ಣ ಮಾಡಿಕೊಂಡಾಳು ಎಂದು ನಾನು ಸುಮ್ಮನಿದ್ದೆ. ಆದರೆ ಮನಸ್ಸು ಕೇಳಬೇಕಲ್ಲ. ದ ಡೊಮೇನ್ ಎಂಬ ಅಂಗಡಿಬೀದಿಯ ಹತ್ತಿರದ ಆಫೀಸಿನಿಂದ ಬಂದವಳೇ ಸಂಜೆ ಲ್ಯಾಪ್‌ಟಾಪು ತೆರೆದು, ಮೂರ್ಮನೆಯಲ್ಲಿ ಶಶಿಯ ಮನೆಗೆ ಹೋಗಿ ಅವಳ ಒಲೆಗೆ ನಾಲ್ಕು ಕಟ್ಟಿಗೆ ಇಟ್ಟು ಬರತೊಡಗಿದೆ.

ಹೋದಾಗಲೆಲ್ಲ ಒಲೆ ಉರಿಯುತ್ತಲೇ ಇರುತ್ತಿತ್ತು. ಸರೋವರದ ಆಚೆಯಿಂದಲೇ ಅವಳ ಸೂರಿನ ಮೇಲೆ ಹೊಗೆಯ ಎಳೆ ಕಾಣಿಸಿದರೆ ಸಾಕು, ಅಬ್ಬಾ, ಬೆಳಿಗ್ಗೆ ಬಂದು ಹಾಕಿದ್ದಾಳೆ, ಚೆನ್ನಾಗಿದ್ದಾಳೆ ಎಂದು ನನ್ನ ಜೀವ ತಣ್ಣಗಾಗುತ್ತಿತ್ತು. ಮನೆಯೊಳಗೆ ಮಾತ್ರ ಏನೋ ಒಂಥರಾ. ಹಾಸಿಗೆಯ ಮೇಲೆ ಒಂದು ಸುಕ್ಕಿಲ್ಲ. ಹಲಗೆಯ ಮೇಲಿನ ರೊಟ್ಟಿ ದಿನದಿಂದ ದಿನಕ್ಕೆ ಅಲ್ಲೇ. ಅವಳು ಸಾಕಿದ ನಾಯಿ ಬಾಗಿಲಲ್ಲಿ ಕೂತು ಹೊರಗೆ ನೋಡುವುದನ್ನು ಬಿಟ್ಟು ಒಳಗೆ, ಬರಿದಾದ ಕೋಣೆಯ ಒಂದು ಮೂಲೆಯನ್ನೇ ದಿಟ್ಟಿಸುತ್ತಿತ್ತು. ಅಂಗಳದ ಕೆಸರಿನಲ್ಲಿ ನನ್ನದಲ್ಲದ ಇನ್ನೊಬ್ಬರ ಹೆಜ್ಜೆ ಗುರುತು, ಒಲೆಯವರೆಗೆ ಬಂದು ಹಾಗೇ ತಿರುಗಿ ಹೋದದ್ದು, ದಿನವೂ ಹೊಸದಾಗಿ ಇರುತ್ತಿತ್ತು. ಆ ಹೆಜ್ಜೆಗಳ ಪಕ್ಕದಲ್ಲಿ ನನ್ನ ಹೆಜ್ಜೆ ಇಟ್ಟುಕೊಂಡು, ಗೆಳತಿಯ ಜೊತೆ ನಡೆದಷ್ಟೇ ಸಂತೋಷದಿಂದ ನಾನು ವಾಪಸ್ಸು ಬರುತ್ತಿದ್ದೆ. ಹೀಗೆ ವಾರಗಳು ಕಳೆದವು.

ಒಂದು ಶನಿವಾರ ಬೆಳಿಗ್ಗೆ, ಕಾವಲಿಯ ಮೇಲೆ ಮೊದಲ ದೋಸೆ ಹುಯ್ದಿದ್ದೆನಷ್ಟೆ, ಗಿರಿಜೆಯ ಫೋನು ಬಂತು. ಅದೂ ಇದೂ ಮಾತಾಗಿ ಶಶಿಯ ಮಾತು ಬಂತು.

"ಶಶಿ ಅಕ್ಕಾರು ಆರಾಮ ಅದಾರ ಬಿಡ್ರಿ," ಎಂದಳು ಗಿರಿಜಾ. "ದಿನಾ ಸಂಜಿಮುಂದ ತಪ್ಪದ ಒಲಿಗೆ ಕಟಗಿ ಹಾಕ್ತಾರ. ನಾ ಮುಂಜಾನೆ ಹೋಗೂದ್ರಾಗ ಇನ್ನೂ ಉರಿ ಇರ್ತದ."

"ಸಂಜೆ ಹಾಕೋದು ನಾನು ಕಣೇ ಗಿರಿಜಾ," ಎಂದೆ ನಗುತ್ತಾ. "ಅವಳು ಹಾಕೋದು ಬೆಳಿಗ್ಗೆ ಅಲ್ವಾ?"



"ಅಕ್ಕಾ," ಎಂದಳವಳು, ಬಹಳ ಸಣ್ಣ ದನಿಯಲ್ಲಿ. "ಮುಂಜಾನೆ ಹಾಕಾಕಿ ನಾನರಿ. ಅವರಿಗೆ ಒಂದ್ ಹೊತ್ತಿನ ಕೆಲಸ ತಪ್ಪಲಿ ಅಂತ ನಾನ ಹಾಕಿ ಬರ್ತೀನಿ."

ಕಾವಲಿಯ ಮೇಲೆ ದೋಸೆ ಸೀಯುತ್ತಿದ್ದ ವಾಸನೆ ಬಂದರೂ ಕೈ ಏಳಲಿಲ್ಲ. ವಾರಗಟ್ಟಲೆ ಅವಳು ನನ್ನ ಬೆಂಕಿ ನೋಡಿ, ನಾನು ಅವಳ ಬೆಂಕಿ ನೋಡಿ, ಶಶಿ ಸುಖವಾಗಿದ್ದಾಳೆಂದು ನೆಮ್ಮದಿಯಾಗಿ ನಿದ್ದೆ ಮಾಡಿದ್ದೆವು. ಹಾಗಾದರೆ ಆ ಮನೆಗೆ ಯಾರೂ ಬಂದೇ ಇರಲಿಲ್ಲ. ನಾನು ಜೊತೆ ಹಾಕಿಕೊಂಡು ನಡೆದ ಹೆಜ್ಜೆಗಳು ಗಿರಿಜೆಯವು.

ಶಶಿಗೆ ಫೋನು ಮಾಡಿದೆ. ರಿಂಗೇ ಆಗದೆ ನೇರ ವಾಯ್ಸ್‌ಮೇಲಿಗೆ ಹೋಯಿತು. ಗಿರಿಜೆ ಮಾಡಿದಾಗಲೂ ಅದೇ ಆಯಿತು. ಪೊಲೀಸರಿಗೆ ಹೇಳೋಣವೆಂದು ಬೆರಳು ಹೋಯಿತು, ಏನೆಂದು ಹೇಳಲಿ? ಆಟದ ಒಲೆಗೆ ಸೌದೆ ಹಾಕುತ್ತಿದ್ದವಳು ನನ್ನ ಗೆಳತಿಯಲ್ಲ, ಬಂದು ನೋಡಿ ಎಂದೇ? ಕಾರಿನ ಕೀ ಎತ್ತಿಕೊಂಡೆ. ಅಲ್ಲಿ ಗಿರಿಜೆಯೂ ಮಕ್ಕಳನ್ನು ಗಂಡನಿಗೊಪ್ಪಿಸಿ ಹೊರಟಳು.

ಆ ದಾರಿಯನ್ನು ನಾನು ಹೇಗೆ ಡ್ರೈವ್ ಮಾಡಿದೆನೋ ತಿಳಿಯದು. ಬ್ಯಾಸ್ಟ್ರಾಪ್ ಹತ್ತಿರದ ಪೈನ್ ಮರಗಳು ಏರುಬಿಸಿಲಿನಲ್ಲೂ ಕತ್ತಲೆ ಹಿಡಿದುಕೊಂಡು ನಿಂತಿದ್ದವು. ಅವುಗಳ ಅಂಚಿನತ್ತ ನೋಡಬಾರದೆಂದು ಕಣ್ಣನ್ನು ರಸ್ತೆಗೇ ಕೀಲಿಸಿಕೊಂಡೆ. ನೋಡಿದರೆ, ನನ್ನದೇ ನೈಟಿ, ನನ್ನದೇ ಸ್ವೆಟರ್ ತೊಟ್ಟವರು ಯಾರೋ ಅಲ್ಲಿ ನಿಂತಿರುತ್ತಾರೆಂಬ ಹುಚ್ಚು ಭಯ. ಹೌದು, ಬಟ್ಟೆ ಬದಲಾಯಿಸಲೂ ತೋಚದೆ ಹಾಗೇ ಬಂದಿದ್ದೆ. ದೇವರೇ, ಬಾಗಿಲು ತೆರೆಯಲಿ, ಅಷ್ಟು ಸಾಕು, ಬೈದರೆ ಬೈಯಲಿ ಎಂದು ಹ್ಯೂಸ್ಟನ್ ಬರುವವರೆಗೂ ಗೊಣಗುತ್ತಲೇ ಇದ್ದೆ.

ಪೇರ್ಲ್ಯಾಂಡಿನ ಅವಳ ಬೀದಿಯಲ್ಲಿ ನಡು ಹಗಲಿನಲ್ಲಿ ಒಂದು ನರಪಿಳ್ಳೆಯಿಲ್ಲ. ಒಂದೇ ಅಚ್ಚಿನ ಮನೆಗಳು, ಒಂದೇ ಎತ್ತರಕ್ಕೆ ಕತ್ತರಿಸಿದ ಹುಲ್ಲು. ಶಶಿಯ ಅಂಗಳದ್ದು ಮಾತ್ರ ಮೊಣಕಾಲೆತ್ತರ ಬೆಳೆದಿತ್ತು. ಬಾಗಿಲಿಗೆ, ಹುಲ್ಲು ತೆಗೆಸಿ ಎಂದು ಎಚ್‌ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘದವರು, ಅಂಟಿಸಿದ ಚೀಟಿ ಬಿಸಿಲಿಗೆ ಬೆಳ್ಳಗಾಗಿತ್ತು. ಪಕ್ಕದ ಬೇಲಿಯಿಂದ ಹಬ್ಬಿದ ಬಳ್ಳಿಯೊಂದು ಅವಳ ಅಡುಗೆಮನೆಯ ಕಿಟಕಿಯ ಜಾಲರಿಯೊಳಗೆ ತುದಿ ತೂರಿಸಿತ್ತು. ಅದನ್ನು ನೋಡಿದವಳೇ ನಾನು ಗಂಟೆ ಒತ್ತುವುದನ್ನು ಮರೆತು ಎರಡೂ ಕೈಯಲ್ಲಿ ಬಾಗಿಲು ಬಡಿಯತೊಡಗಿದೆ. ಇಂಗ್ಲಿಷಿನ ಬೀದಿಯಲ್ಲಿ ನಿಂತು ಕನ್ನಡದಲ್ಲಿ ಕೂಗಿದೆ. ಅತ್ತೆನೆಂದೂ ತೋರುತ್ತದೆ.

ಬಾಗಿಲು ತೆರೆಯಿತು.

"ಬಂದ್ಯಾ," ಎಂದಳು ಶಶಿ. ಬೇಸಿಗೆಯಲ್ಲಿ ಶಾಲು ಹೊದ್ದಿದ್ದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು.

"ಪಾಪಿ, ಜೀವ ಬಾಯಿಗೆ ಬಂದಿತ್ತು ಕಣೇ ನಂಗೆ!" ಎಂದು ಅವಳನ್ನು ಹಿಡಿದುಕೊಂಡೆ. ಪುಳ್ಳೆಯಷ್ಟು ಹಗುರಾಗಿದ್ದಳು. ಒಳಗೆ ಪರದೆಗಳನ್ನೆಲ್ಲ ಎಳೆದು, ಎಸಿಯನ್ನು ಕೊರೆಯುವಷ್ಟು ಹಾಕಿದ್ದಳು. ಹಾಲು ಕೂಡ ಇಲ್ಲದ ಫ್ರಿಜ್ಜು. ಕೆಲಸಕ್ಕೆ ಉದ್ದನೆಯ ರಜೆ ಹಾಕಿದ್ದಳಂತೆ. ಏನಾಯ್ತೇ ಎಂದು ಕೇಳಿದರೆ, "ಏನೂ ಆಗ್ಲಿಲ್ಲ ಕಣೆ, ಅದೇ," ಎಂದಳು.

ಗಿರಿಜಾ ಬಂದು ಸೇರುವಷ್ಟರಲ್ಲಿ ಅವಳಿಗೆ ಒಂದು ಲೋಟ ಗಂಜಿ ಕುಡಿಸಿದ್ದೆ. ಇಬ್ಬರೂ ಅವಳ ಅಕ್ಕಪಕ್ಕ ಕೂತೆವು. ಕರೆ, ಮೆಸೇಜು ಯಾವುದೂ ಬಾರದ ಹಾಗೆ ಫೋನಿನಲ್ಲಿ ತಡೆಹಾಕಿಟ್ಟು, ಒಂದಕ್ಕೆ ಮಾತ್ರ ದಾರಿ ಬಿಟ್ಟಿದ್ದಳು. ಅದು ಆಟ ಕಳಿಸುವ ಸುದ್ದಿ: ನಿಮ್ಮ ಒಲೆ ಆರಲಿದೆ, ನಿಮ್ಮ ಒಲೆಗೆ ಸೌದೆ ಬಿದ್ದಿದೆ.

"ನೀವಿಬ್ರೇ ಅಂತ ಗೊತ್ತಿತ್ತು," ಎಂದಳು. "ಅದು ಆರಿದ ದಿನ ನಾನೂ ಹೊರಟುಬಿಡೋದು ಅಂತ ಮನಸ್ಸಲ್ಲಿ ಇಟ್ಕೊಂಡಿದ್ದೆ. ದಿನಾ ಕಾಯ್ತಿದ್ದೆ. ಆರಲಿದೆ ಅಂತ ಬರೋದು, ಅಷ್ಟರಲ್ಲಿ ಯಾರೋ ಒಬ್ರು ಹಾಕ್ಬಿಡೋರು. ಎಷ್ಟು ಸಿಟ್ಟು ಬರ್ತಿತ್ತು ಗೊತ್ತಾ ನಿಮ್ಮೇಲೆ?"

ಎಲ್ಲಿಗೆ ಹೊರಡುವುದೆಂದು ನಾವು ಕೇಳಲಿಲ್ಲ. ಗಿರಿಜಾ ಸದ್ದಿಲ್ಲದೆ ಅಳುತ್ತಿದ್ದಳು. "ಸೋಮವಾರ ಡಾಕ್ಟರ್ ಹತ್ರ ಹೋಗೋಣ, ನಾನಿಲ್ಲೇ ಇರ್ತೀನಿ, ಜೊತೇಲಿ ಬರ್ತೀನಿ," ಎಂದೆ. ಶಶಿ ತಲೆಯಾಡಿಸಿದಳು.

ಆಗ ನನಗೆ ನೆನಪಾಯಿತು. ಆ ಬೆಳಿಗ್ಗೆ ನಾನು ಆಟ ತೆರೆದಿರಲಿಲ್ಲ, ನನ್ನ ಒಲೆಗೂ ಹಾಕಿರಲಿಲ್ಲ.

"ಗಿರಿಜಾ, ಇವತ್ತು ಬೆಳಿಗ್ಗೆ ನೀನು ಸೌದೆ ಹಾಕಿ ಬಂದ್ಯಾ?"

"ಇಲ್ರಿ ಅಕ್ಕಾ," ಎಂದಳವಳು. "ಶನಿವಾರ ತಡಾ ಮಾಡಿ ಏಳ್ತೀನ್ರಿ. ಫೋನ್ ಇಟ್ಟಾಕಿ ಹಂಗ ಗಾಡಿ ಹತ್ತಿದೆ."

ಅವಳನ್ನು ಉಳಿಸಬೇಕೆಂದು ಎರಡು ದಿಕ್ಕಿನಿಂದ ಧಾವಿಸಿದ ನಾವು, ಅವಳನ್ನು ಇಷ್ಟು ದಿನ ಹಿಡಿದಿಟ್ಟಿದ್ದ ಒಂದೇ ಒಂದು ಬೆಂಕಿಯನ್ನು ಮರೆತು ಬಂದಿದ್ದೆವು. ಇಬ್ಬರೂ ಶಶಿಯ ಮುಖ ನೋಡಿದೆವು.

"ಹೂಂ. ಇವತ್ತು ಯಾರೂ ಹಾಕ್ಲಿಲ್ಲ," ಎಂದಳು ಅವಳು, ಶಾಲಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಾ. "ಕಾದೆ. ಒಬ್ರು ಮರೀಬಹುದು, ಇಬ್ರೂ ಹೇಗೆ ಮರೀತೀರಿ? ನಿಮಗೇ ಏನೋ ಆಗೋಗಿದೆ ಅನ್ಸಿಬಿಡ್ತು. ಎದ್ದು ಕಂಪ್ಯೂಟರ್ ಹಾಕಿ ನಿಮ್ಮನೆಗಳ ಹತ್ರ ಓಡ್ದೆ. ನಿಮ್ಮಿಬ್ಬರ ಒಲೇನೂ ಆರೋಕ್ ಬಂದಿತ್ತು. ಮೊದ್ಲು ಅದಕ್ಕೆ ಹಾಕ್ದೆ. ಇನ್ನೂ ಸೌದೆ ಉಳಿದಿತ್ತು, ನಂದಕ್ಕೂ ಹಾಕ್ದೆ."